ಒಪ್ಪ ಹಾಕುವ ಕೈ

ಕಾರಿಗೆ ಹೊಳಪು ಕೊಡುವ ಅಂಗಡಿಯ ಷಟರನ್ನು ಅರ್ಧಕ್ಕೆ ಇಳಿಸಿ, ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿ, ಅಲ್ಲಿನ ಹುಡುಗ ನನ್ನ ಕಾರಿನ ಬಾನೆಟ್ಟಿನ ಮೇಲೆ ಸಣ್ಣದೊಂದು ಟಾರ್ಚು ಬಿಟ್ಟ. ಬೆಳಕು ಬಿದ್ದ ಜಾಗದ ಸುತ್ತ ಜೇಡ ಬಲೆ ನೇಯ್ದಂತೆ ನೂರಾರು ಗೀರುಗಳು ಎದ್ದು ಕಂಡವು. ಟಾರ್ಚು ಸರಿದ ಕಡೆಗೆ ಬಲೆಯೂ ಸರಿಯಿತು. ಐದು ವರ್ಷದಿಂದ ದಿನಾ ಬೆಳಗ್ಗೆ ನೋಡುತ್ತಿದ್ದ ಕಾರು. ಕಡುನೀಲಿ ಬಣ್ಣ ಸ್ವಲ್ಪ ಮಂಕಾಗಿದೆ, ವಯಸ್ಸಾಯಿತಲ್ಲ ಅಂದುಕೊಂಡಿದ್ದೆನೇ ಹೊರತು ಮೈಮೇಲೆ ಇಷ್ಟು ಗಾಯವಿದೆ ಎಂದು ಗೊತ್ತಿರಲಿಲ್ಲ.

“ದಿನಾ ಒಣಬಟ್ಟೇಲಿ ಒರೆಸ್ತೀರಾ ಸರ್?” ಎಂದು ಕೇಳಿದ.

“ಹೌದು. ಒಂದು ದಿನಾನೂ ತಪ್ಪಿಸಿಲ್ಲ.”

“ಅದ್ರಿಂದಾನೇ ಸರ್ ಇದು.”

ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಡಾಕ್ಟರು ಎಕ್ಸ್‌ರೇ ತೋರಿಸುವ ಹಾಗೆ ತೋರಿಸಿದ, ಅಷ್ಟೆ. ಆದರೂ ಆ ಮಾತು ನನಗೆ ನಾಟಿತು. ಒಣಬಟ್ಟೆಯಲ್ಲಿ ಕಾರು ಒರೆಸುವುದನ್ನು ನಾನು ಕಲಿತದ್ದು ಅಪ್ಪನಿಂದ.

ಅಪ್ಪ ಸಕಲೇಶಪುರದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಕಪ್ಪು ಅಂಬಾಸಿಡರ್. ಹೆರಿಗೆ ನೋವು ಎದ್ದವರನ್ನು ಹಾಸನದ ಆಸ್ಪತ್ರೆಗೆ, ಹರಕೆ ಹೊತ್ತವರನ್ನು ಧರ್ಮಸ್ಥಳಕ್ಕೆ, ಮದುಮಕ್ಕಳನ್ನು ಛತ್ರಕ್ಕೆ ಮುಟ್ಟಿಸುವುದು ಅವರ ಕೆಲಸ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದು ಹತ್ತಿ ಬಂದ ಕಾರಿಗೆ ಬಾಗಿಲಿನ ಹಿಡಿಯವರೆಗೂ ಕೆಂಪು ಕೆಸರು ಮೆತ್ತಿರುತ್ತಿತ್ತು. ಎಷ್ಟೇ ಹೊತ್ತಾಗಿ ಬಂದಿರಲಿ, ಬೆಳಗ್ಗೆ ಐದೂವರೆಗೆ ಬಾವಿಯ ರಾಟೆ ಕಿರುಗುಟ್ಟುವ ಸದ್ದು ಕೇಳಿಸುತ್ತಿತ್ತು. ಬಕೆಟ್ಟಿನ ಮೇಲೆ ಬಕೆಟ್ಟು ಸೇದಿ, ಚೆಂಬಿನಲ್ಲಿ ನೀರು ಎರಚಿ ಕೆಸರನ್ನು ನೆನೆಸುತ್ತಿದ್ದರು. ಅದು ತಾನಾಗಿ ಕರಗಿ ಇಳಿಯುವ ತನಕ ಬಟ್ಟೆ ಮುಟ್ಟಿಸುತ್ತಿರಲಿಲ್ಲ. ಆಮೇಲೆ ಅಮ್ಮನ ಹಳೆಯ ಹತ್ತಿ ಸೀರೆಯ ತುಂಡು. ಅಂಚನ್ನು ಮಾತ್ರ ಕತ್ತರಿಸಿ ತೆಗೆದಿರುತ್ತಿದ್ದರು. ಅಂಚಿನ ಗಟ್ಟಿ ನೂಲು ಬಣ್ಣಕ್ಕೆ ಗೀರು ಹಾಕುತ್ತದೆ ಎಂದು. ಒಣಗಿಸಲು ಇನ್ನೊಂದು ತುಂಡು. ದಾರಿಯಲ್ಲಿ ಧೂಳು ಹೊಡೆಯಲು ಮತ್ತೊಂದು, ಅದು ಡಿಕ್ಕಿಯಲ್ಲಿ ಖಾಕಿ ಚೀಲದೊಳಗೆ ಇರುತ್ತಿತ್ತು. ಗಿರಾಕಿ ಹೋಟೆಲಿನಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಅಪ್ಪ ಆ ಬಟ್ಟೆ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬರುತ್ತಿದ್ದರು.

ವರ್ಷಕ್ಕೆ ಎರಡು ಸಲ, ಯುಗಾದಿಗೆ ಮುಂಚೆ ಮತ್ತು ಆಯುಧಪೂಜೆಗೆ ಮುಂಚೆ, ರಬ್ಬಿಂಗ್. ಡಬ್ಬಿಯಿಂದ ಬೆರಳ ತುದಿಯಷ್ಟು ಮುಲಾಮಿನಂಥದ್ದನ್ನು ತೆಗೆದು ಬಾನೆಟ್ಟಿಗೆ ತಿಕ್ಕುತ್ತಿದ್ದರು. ಬಟ್ಟೆ ಕಪ್ಪಾಗುತ್ತಿತ್ತು. ಕಾರಿನ ಬಣ್ಣವೇ ಬಟ್ಟೆಗೆ ಬರುತ್ತಿದೆಯಲ್ಲ, ಹೀಗೇ ತಿಕ್ಕಿದರೆ ಬಣ್ಣವೆಲ್ಲ ಮುಗಿದುಹೋದೀತು ಎಂದು ನನಗೆ ಭಯ. ಕೇಳಿದಾಗ ಅಪ್ಪ, “ಮೇಲಿನ ಬಣ್ಣ ಬಿಸಿಲಿಗೆ ಸತ್ತಿರುತ್ತೆ ಮಗಾ. ಸತ್ತಿದ್ದು ಹೋದ್ರೆ ಕೆಳಗಿಂದು ಉಸಿರಾಡುತ್ತೆ” ಎಂದಿದ್ದರು.

ಅವರು ಹೇಳಿದ್ದು ಸರಿಯಾಗಿತ್ತು, ಅವರ ಕಾರಿಗೆ. ಅಂಬಾಸಿಡರಿನ ಎನಾಮಲ್ ಬಣ್ಣ ಮೇಲಿನಿಂದ ಕೆಳಗಿನವರೆಗೆ ಒಂದೇ. ಬಿಸಿಲಿಗೆ ಬೂದಿ ಬಡಿದ ಮೇಲ್ಪದರವನ್ನು ತಿಕ್ಕಿ ತೆಗೆದರೆ ಅಡಿಯಲ್ಲಿ ಹೊಸ ಕಪ್ಪು ಸಿಗುತ್ತಿತ್ತು. ಒಣಬಟ್ಟೆಯಿಂದ ಬಿದ್ದ ಗೀರುಗಳೂ ಆ ರಬ್ಬಿಂಗಿನಲ್ಲಿ ಹೊರಟುಹೋಗುತ್ತಿದ್ದವು. ಅಪ್ಪನಿಂದ ನಾನು ಕಲಿತದ್ದು ಅರ್ಧ ವಿದ್ಯೆ, ಅದೂ ಬೇರೆ ಕಾಲದ ಬಣ್ಣಕ್ಕೆ ಒಪ್ಪುವಂಥದ್ದು. ನೆನೆಸುವ ತಾಳ್ಮೆಯನ್ನು ಬಿಟ್ಟು, ಒರೆಸುವ ಚಟವನ್ನು ಮಾತ್ರ ಉಳಿಸಿಕೊಂಡಿದ್ದೆ.

ಈಗಿನ ಕಾರಿನ ಬಣ್ಣ ಹೇಗೆ ಕೂತಿರುತ್ತದೆ ಎಂಬುದನ್ನು ಹುಡುಗ ಹೇಳಿದ. ತಗಡಿನ ಮೈಯನ್ನು ಮೊದಲು ತೊಟ್ಟಿಯೊಂದರಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ತುಕ್ಕು ತಡೆಯುವ ಲೇಪವನ್ನು ಮೂಲೆ ಮೂಲೆಗೂ ಹಿಡಿಸುತ್ತಾರೆ. ಅದರ ಮೇಲೆ ಪ್ರೈಮರ್. ಅದರ ಮೇಲೆ ನಾವು ನೋಡಿ ಮೆಚ್ಚಿ ಆರಿಸಿಕೊಂಡ ಬಣ್ಣ. ಎಲ್ಲಕ್ಕೂ ಮೇಲೆ ಗಾಜಿನಂತೆ ತಿಳಿಯಾದ, ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ. ಕೂದಲಿಗಿಂತ ತೆಳ್ಳಗಿನ ಈ ಪೊರೆ ಹೊಳಪನ್ನೂ ಕೊಡಬೇಕು, ಬಿಸಿಲಿನ ಅತಿನೇರಳೆ ಕಿರಣವನ್ನೂ ತಡೆಯಬೇಕು, ಕಾಗೆಯ ಹಿಕ್ಕೆಯ ಆಮ್ಲವನ್ನೂ ತಾಳಬೇಕು. ಒಮ್ಮೆ ಮೆಷಿನ್ನಿನಲ್ಲಿ ಪಾಲಿಶ್ ಮಾಡಿದರೆ ಇದರಲ್ಲಿ ಕೆಲವು ಮೈಕ್ರಾನ್ ಹೋಗುತ್ತದೆ. ಹೋದದ್ದು ಮತ್ತೆ ಬೆಳೆಯುವುದಿಲ್ಲ. ಗೀರು ತೆಗೆಯುವುದೆಂದರೆ ಗೀರನ್ನು ತುಂಬುವುದು ಎಂದು ನಾನು ತಿಳಿದಿದ್ದೆ. ಗೀರಿನ ಅಕ್ಕಪಕ್ಕದ ದಿಣ್ಣೆಯನ್ನು ಸವೆಸಿ ಹಳ್ಳದ ಮಟ್ಟಕ್ಕೆ ತರುವುದಂತೆ. ಇದು ತಿಳಿದ ಮೇಲೆ ಪಾಲಿಶ್ ಎಂಬ ಮಾತನ್ನು ನಾನು ಹಗುರವಾಗಿ ಆಡುತ್ತಿಲ್ಲ.

ಅವನು ಇಸ್ಪೀಟು ಎಲೆಯ ಕಟ್ಟಿನಷ್ಟು ದೊಡ್ಡ ಮಾಪಕವೊಂದನ್ನು ಕಾರಿನ ಮೈಗೆ ಒತ್ತುತ್ತಾ ಹೋದ. ಬಾನೆಟ್ಟು 112. ಟಾಪು 118. ಮುಂದಿನ ಬಾಗಿಲು 109. ಎಡಗಡೆ ಹಿಂದಿನ ಬಾಗಿಲಿಗೆ ಬಂದಾಗ 270. “ಇದು ರೀಪೇಂಟ್ ಆಗಿದೆ ಸರ್” ಎಂದ. ಸೆಕೆಂಡ್‌ಹ್ಯಾಂಡ್ ಕೊಂಡಾಗ ಒಂದು ತರಚೂ ಬಿದ್ದಿಲ್ಲ ಎಂದು ಮಾರಿದವರು ಹೇಳಿದ್ದರು. ಐದು ವರ್ಷ ಒರೆಸಿದ ನನ್ನ ಕೈಗೆ ತಿಳಿಯದ್ದು ಆ ಮಾಪಕಕ್ಕೆ ಒಂದು ಕ್ಷಣದಲ್ಲಿ ತಿಳಿಯಿತು.

ಗೀರು ಹಾಕಿದ್ದು ಬಟ್ಟೆಯೂ ಅಲ್ಲವಂತೆ, ಬಟ್ಟೆಯ ಕೆಳಗೆ ಸಿಕ್ಕಿದ ಧೂಳು. ಇದನ್ನು ಕೇಳಿದ ಮೇಲೆ ನನಗೆ ಲಾಲ್‌ಬಾಗಿನ ಬಂಡೆ ನೆನಪಾಗುತ್ತದೆ. ನಾನಿರುವ ಬೆಂಗಳೂರು ನಿಂತಿರುವುದೇ ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆಯ ಬಳಗದ ಮೇಲೆ. ಅದರಲ್ಲಿ ಬೆಣಚುಕಲ್ಲಿನ ಹರಳು ತುಂಬಿದೆ. ಗಾಳಿ ಮಳೆ ಅದನ್ನು ಪುಡಿಮಾಡಿದೆ, ನಾವೂ ಜಲ್ಲಿ ಒಡೆದು, ಎಂ ಸ್ಯಾಂಡ್ ಮಾಡಿ, ಅಡಿಪಾಯ ಅಗೆದು ಪುಡಿಮಾಡಿದ್ದೇವೆ. ಆ ಪುಡಿ ಎದ್ದು ಬಂದು ರಾತ್ರಿಯೆಲ್ಲ ಕಾರಿನ ಮೇಲೆ ಕೂರುತ್ತದೆ. ಜರ್ಮನಿಯ ಮೋಸ್ 1812ರಲ್ಲಿ ಮಾಡಿಕೊಟ್ಟ ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಚಾಕುವಿನ ಉಕ್ಕು ಕೂಡ ಅದಕ್ಕಿಂತ ಮೆತ್ತಗೆ. ಹಾಗಾದರೆ ಬೆಳಗ್ಗೆ ಎದ್ದು ಒಣಬಟ್ಟೆ ಹಿಡಿದು ನಾನು ಮಾಡುತ್ತಿದ್ದದ್ದೇನು? ಲಾಲ್‌ಬಾಗಿನ ಬಂಡೆಯನ್ನೇ ತಂದು, ಕೂದಲಿಗಿಂತ ತೆಳುವಾದ ಪೊರೆಯ ಮೇಲೆ ದಿನಕ್ಕೊಮ್ಮೆ ಉಜ್ಜುತ್ತಿದ್ದೆ.

ಆ ಹುಡುಗನ ಅಂಗಡಿಯಂಥವಕ್ಕೆ ಹಾಕುವ ಡೀಟೇಲಿಂಗ್ ಎಂಬ ಬೋರ್ಡು ಈಗ ನಮ್ಮ ಊರುಗಳಲ್ಲೆಲ್ಲ ಕಾಣುತ್ತದೆ. ಹಿಂದೆ ಇದ್ದದ್ದು ವಾಟರ್ ಸರ್ವಿಸ್ ಒಂದೇ. ಎತ್ತರದ ಕಟ್ಟೆಯ ಮೇಲೆ ಕಾರು ಹತ್ತಿಸಿ, ಅಡಿಯಿಂದ ನೀರು ಹೊಡೆದು, ಡೀಸೆಲ್ ಸ್ಪ್ರೇ ಮಾಡಿ ಕಳಿಸುತ್ತಿದ್ದರು. ಡೀಟೇಲಿಂಗಿಗೆ ಕನ್ನಡದಲ್ಲಿ ಏನನ್ನಬಹುದು ಎಂದು ಯೋಚಿಸಿದಾಗಲೆಲ್ಲ ‘ಒಪ್ಪ’ ಎಂಬ ಪದ ನನ್ನ ನಾಲಿಗೆಗೆ ಬರುತ್ತದೆ. ಹಿತ್ತಾಳೆ ದೀಪಕ್ಕೆ ಒಪ್ಪ ಹಾಕು ಎನ್ನುತ್ತಿದ್ದರು ಅಜ್ಜಿ. ಮನೆಯನ್ನು ಒಪ್ಪ ಓರಣವಾಗಿ ಇಡು ಎನ್ನುತ್ತಿದ್ದರು. ಹೊಳಪೂ ಅದೇ, ಅಚ್ಚುಕಟ್ಟೂ ಅದೇ.

ಅಜ್ಜಿಯ ಮನೆಯಲ್ಲಿ ಪಾತ್ರೆಗಳ ವಿಷಯದಲ್ಲಿ ಒಂದು ಕಟ್ಟಳೆ ಇತ್ತು. ಹಿತ್ತಾಳೆ ಪಾತ್ರೆಯನ್ನು ದಿನಾ ಹುಣಸೆಹಣ್ಣು ಬೂದಿ ಹಾಕಿ ಬೆಳಗುವುದು ಮನೆಯವರ ಕೆಲಸ. ಒಳಗಿನ ಕಲಾಯಿ ಹೋದಾಗ ಮಾತ್ರ ಕಲಾಯಿಯವನು ಬರಬೇಕು. ಅವನು ಅಂಗಳದಲ್ಲಿ ಗುಂಡಿ ತೋಡಿ, ತಿದಿ ಹೂಡಿ, ಕೆಂಡ ಮಾಡಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿಯನ್ನು ಒಂದು ಗೀಟು ಎಳೆದು ಬಟ್ಟೆಯಿಂದ ಸರ್ರನೆ ಬಳಿದರೆ ಬೆಳ್ಳಿಯ ಬಣ್ಣ ಏಳುತ್ತಿತ್ತು. ಕೆಂಡದ ಕಾವು ಒಂದಿಷ್ಟು ಹೆಚ್ಚಾದರೆ ತವರ ಸುಟ್ಟುಹೋಗುತ್ತಿತ್ತು, ಕಮ್ಮಿಯಾದರೆ ಹಿಡಿಯುತ್ತಿರಲಿಲ್ಲ. ದಿನಾ ಪಾತ್ರೆ ಬೆಳಗುವ ಅಜ್ಜಿ ಕಲಾಯಿಗೆ ಕೈ ಹಾಕುತ್ತಿರಲಿಲ್ಲ. ದಿನಾ ಬೆಳಗಲು ಕಲಾಯಿಯವನನ್ನು ಕರೆಯುತ್ತಲೂ ಇರಲಿಲ್ಲ. ಕಾರಿನ ವಿಷಯದಲ್ಲಿ ನಾನು ಹೇಳಬೇಕಾದದ್ದೂ ಇಷ್ಟೇ: ತೊಳೆಯುವುದು ನಮ್ಮ ಕೈಯಲ್ಲಿರಬೇಕು, ಸವೆಸುವುದು ಬಲ್ಲವರ ಕೈಯಲ್ಲಿ.

ಈ ಗೆರೆಯನ್ನು ದಾಟಿದವರನ್ನು ಎರಡೂ ಕಡೆ ನೋಡಿದ್ದೇನೆ. ನನ್ನ ಭಾವಮೈದುನ ಅಚ್ಚುಕಟ್ಟಿನ ಮನುಷ್ಯ, ಕೈಕೆಲಸ ಬಲ್ಲವನು. ನಾಲ್ಕು ಸಾವಿರ ಕೊಟ್ಟು ಪಾಲಿಶಿಂಗ್ ಮೆಷಿನ್ ತರಿಸಿದ. ಒಂದೇ ಅಚ್ಚಿನ ಮೇಲೆ ಗಿರ್ರನೆ ತಿರುಗುವ ರೋಟರಿ ಮೆಷಿನ್ ಅದು. ಮುಂದಿನ ಬಂಪರಿನ ಏಣಿನ ಮೇಲೆ ಎರಡು ಕ್ಷಣ ಹೆಚ್ಚು ನಿಂತಿತು. ಏಣುಗಳಲ್ಲಿ ಬಣ್ಣ ತೆಳುವಾಗಿರುತ್ತದೆ, ಪ್ಲಾಸ್ಟಿಕ್ ಬಂಪರು ತಗಡಿನಂತೆ ಕಾವನ್ನು ಹರಡಿಕೊಳ್ಳುವುದಿಲ್ಲ. ಬಣ್ಣ ಸುಟ್ಟು ಬೂದು ಪ್ರೈಮರ್ ಕಂಡಿತು. ಪೇಂಟಿಂಗಿನವರಿಗೆ ಕೊಟ್ಟದ್ದು ಆರು ಸಾವಿರ. ಹೊಸಬರ ಕೈಗೆ ಸುರಕ್ಷಿತವಾದದ್ದು ಡ್ಯುಯಲ್ ಆಕ್ಷನ್ ಮೆಷಿನ್. ತಿರುಗುತ್ತಲೇ ಅತ್ತಿತ್ತ ಓಲಾಡುವುದರಿಂದ ಕಾವು ಒಂದೆಡೆ ಕೂರುವುದಿಲ್ಲ. ಅದನ್ನು ಆಮೇಲೆ ತಿಳಿದುಕೊಂಡೆವು.

ಇನ್ನೊಂದು ನನ್ನದೇ ಕಾರಿನ ಕತೆ. ಮೂರು ವರ್ಷದ ಹಿಂದೆ ಸರ್ವಿಸಿಗೆ ಬಿಟ್ಟಾಗ ಒಂದು ಗ್ಯಾರೇಜಿನವರು 1,500 ರೂಪಾಯಿಗೆ ರಬ್ಬಿಂಗ್ ಪಾಲಿಶ್ ಮಾಡಿಕೊಡುತ್ತೇವೆ ಎಂದರು. ಒಂದು ಗಂಟೆಯಲ್ಲಿ ಕಾರು ಹೊಸದರಂತೆ ಹೊಳೆಯುತ್ತಿತ್ತು. ಎರಡು ಮಳೆ ಬಿದ್ದ ಮೇಲೆ ಮತ್ತೆ ಮಂಕಾಯಿತು; ಗೀರುಗಳೆಲ್ಲ ಹಿಂದಿರುಗಿದ್ದವು, ಜೊತೆಗೆ ಮೆಷಿನ್ನಿನ ಸುಳಿಗಳೂ ಇದ್ದವು ಎಂದು ತಿಳಿದದ್ದು ಈಗ ಟಾರ್ಚಿನ ಬೆಳಕಿನಲ್ಲಿ. ಎಣ್ಣೆಯಂಥ ಲೇಪದಿಂದ ಗೀರು ಮುಚ್ಚಿದ್ದರು, ಸವೆಸಿದ್ದು ಬೇರೆ. ಇದರಿಂದ ಒಂದು ಪಾಠ ಕಲಿತೆ. ಮಾಪಕ ಹಿಡಿಯದೆ ಮೆಷಿನ್ ಹಿಡಿಯುವವರಿಗೆ ಕಾರು ಕೊಡಬಾರದು. ಒಂದು ಅಡಿ ಚೌಕದಲ್ಲಿ ಮೊದಲು ಮಾಡಿ ತೋರಿಸಿ ಎಂದರೆ ಒಳ್ಳೆಯ ಕೆಲಸಗಾರ ಸಂತೋಷದಿಂದ ತೋರಿಸುತ್ತಾನೆ.

ಟಾರ್ಚಿನ ಹುಡುಗ ತೋರಿಸಿದ. ಅವನ ಬಳಿ ಕಾರು ಎರಡೂವರೆ ದಿನ ಇತ್ತು. ಮೊದಲ ದಿನ ಕೆಲಸ ನೋಡುತ್ತಾ ನಾನೂ ಅಲ್ಲೇ ಕೂತಿದ್ದೆ. ನೊರೆ ಹಾಕಿ ತೊಳೆದ ಮೇಲೆ ಒಂದು ದ್ರಾವಣ ಸಿಂಪಡಿಸಿದ. ನೋಡನೋಡುತ್ತಿದ್ದಂತೆ ಚಕ್ರಗಳಿಂದ, ಬಾಗಿಲ ಕೆಳಭಾಗದಿಂದ ನೇರಳೆ ಬಣ್ಣದ ನೀರು ಇಳಿಯತೊಡಗಿತು. ಬ್ರೇಕ್ ಹಿಡಿದಾಗಲೆಲ್ಲ ಡಿಸ್ಕಿನಿಂದ ಸಿಡಿಯುವ ಕಬ್ಬಿಣದ ಕಣಗಳು ಬಿಸಿಬಿಸಿಯಾಗಿ ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ದ್ರಾವಣ ಅವನ್ನು ಕರಗಿಸುವಾಗ ಬರುವ ಬಣ್ಣ ಅದು. ತೊಳೆದು ಸ್ವಚ್ಛವಾಯಿತು ಎಂದುಕೊಂಡ ಬಾನೆಟ್ಟಿನ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಬೆರಳಿಟ್ಟು ಸವರಲು ಹೇಳಿದ. ಬರಿ ಬೆರಳಿಗೆ ನುಣ್ಣಗಿದ್ದದ್ದು ಈಗ ಸಣ್ಣ ರವೆ ಚೆಲ್ಲಿದಂತೆ ತರಿತರಿ. ಆಮೇಲೆ ಕಣಕದಷ್ಟು ಮೆತ್ತಗಿನ ಕ್ಲೇ ಉಂಡೆಯನ್ನು, ಜಾರುವ ದ್ರವ ಹಾಕಿಕೊಂಡು, ಮೈಯೆಲ್ಲ ಸವರಿದ. ಉಂಡೆ ಕಂದುಬಣ್ಣಕ್ಕೆ ತಿರುಗಿತು. ಮತ್ತೆ ಚೀಲದಲ್ಲಿ ಬೆರಳಿಟ್ಟೆ, ಕನ್ನಡಿ ಮುಟ್ಟಿದ ಹಾಗಿತ್ತು.

ಏಣುಗಳಿಗೆಲ್ಲ ಟೇಪು ಹಚ್ಚಿ, ಎರಡು ಅಡಿ ಚೌಕದ ಲೆಕ್ಕದಲ್ಲಿ ಮೆಷಿನ್ ಓಡಿಸಿದ. ಪ್ರತಿ ಚೌಕ ಮುಗಿದಾಗ ಸ್ಪಿರಿಟ್ಟಿನಲ್ಲಿ ಒರೆಸಿ, ಟಾರ್ಚು ಬಿಟ್ಟು ನೋಡುತ್ತಿದ್ದ. ಕೆಲವು ಆಳದ ಗೀರುಗಳನ್ನು ಹಾಗೇ ಬಿಟ್ಟ. “ಇದನ್ನ ಪೂರ್ತಿ ತೆಗೀಬಹುದು ಸರ್, ಆದ್ರೆ ಮುಂದೆ ನಿಮಗೆ ಏನೂ ಉಳಿಯಲ್ಲ” ಎಂದ. ಯಾವುದನ್ನು ಬಿಡಬೇಕು ಎಂದು ತಿಳಿದ ಆ ಕೈಗೆ ನಾನು ದುಡ್ಡು ಕೊಟ್ಟೆ. ಒಂಬತ್ತು ಸಾವಿರ. ಹೆಚ್ಚಾಯಿತು ಎಂದು ಒಂದು ಸಲವೂ ಅನ್ನಿಸಿಲ್ಲ.

ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣಕ್ಕೆ ಹೋದಾಗ ಗೊಂಬೆ ಕಡೆಯುವವರ ಪಕ್ಕ ನಿಂತು ನೋಡಿದ್ದೇನೆ. ಲೇತಿನಲ್ಲಿ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಕಾವಿಗೇ ಅರಗು ಕರಗಿ ಮರದ ಸುತ್ತ ಹಬ್ಬುತ್ತದೆ. ಕೊನೆಗೆ ಒಣಗಿದ ತಾಳೆಗರಿಯನ್ನು ಅದರ ಮೇಲೆ ಹಿಡಿದರೆ ಹೊಳಪು ಏಳುತ್ತದೆ. ಅರಗು ಬಣ್ಣವೂ ಹೌದು, ಕವಚವೂ ಹೌದು. ಆ ಗರಿಯನ್ನು ಎಷ್ಟು ಒತ್ತಬೇಕು ಎಂದು ಅಲ್ಲಿನವರನ್ನು ಕೇಳಿದರೆ ಬಾಯಲ್ಲಿ ಹೇಳುವುದಿಲ್ಲ, ನಮ್ಮ ಕೈಗೇ ಗರಿ ಕೊಟ್ಟು ಒತ್ತಿಸಿ ತೋರಿಸುತ್ತಾರೆ. ನನ್ನ ಕಾರಿನ ಮೇಲೆ ಬಾಗಿದ್ದ ಹುಡುಗನ ಮೊಣಕೈಯನ್ನು ನೋಡಿದಾಗ ಚನ್ನಪಟ್ಟಣದ ಆ ಕೈಗಳೇ ಕಣ್ಣಿಗೆ ಬಂದವು.

ಸೆರಾಮಿಕ್ ಕೋಟಿಂಗ್ ಹಾಕಿಸಲೇ ಎಂದು ಕೇಳಿದ್ದೆ. ಸಿಲಿಕಾನ್ ಡೈಆಕ್ಸೈಡ್ ಆಧಾರದ ದ್ರವ ಅದು; ಕ್ಲಿಯರ್ ಕೋಟಿಗೆ ಅಂಟಿ ಗಟ್ಟಿಯಾಗುತ್ತದೆ, ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳಿಹೋಗುತ್ತದೆ. ಕೊಳೆ ಸುಲಭವಾಗಿ ಬಿಡುತ್ತದೆ. ಬಿಸಿಲಲ್ಲಿ ಕಾರು ನಿಲ್ಲಿಸುವವರಿಗೆ, ತೊಳೆಯಲು ಬಿಡುವಿಲ್ಲದವರಿಗೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಅದರ ಜಾಹೀರಾತುಗಳಲ್ಲಿ ಬರುವ 9ಎಚ್ ಎಂಬ ಮಾತನ್ನು ಕೊಳ್ಳುವವರು ಸರಿಯಾಗಿ ತಿಳಿಯಬೇಕು. ಅದು ಸೀಸದಕಡ್ಡಿಯ ಗಡಸುತನದ ಅಳತೆ. 9ಎಚ್ ಪೆನ್ಸಿಲಿನಿಂದ ಗೀಚಿದರೆ ಗೀರು ಬೀಳುವುದಿಲ್ಲ ಎಂದಷ್ಟೇ ಅರ್ಥ. ಬೆಣಚಿನ ಪುಡಿಗೆ ಅದರಿಂದ ಹೆದರಿಕೆಯಿಲ್ಲ. ಹೆದ್ದಾರಿಯಲ್ಲಿ ಸಿಡಿಯುವ ಜಲ್ಲಿಯನ್ನು ತಡೆಯಲು ಪಾಲಿಯುರೆಥೇನ್ ಫಿಲ್ಮು ಬೇಕು, ಅದರ ದರ ಇನ್ನೂ ಹೆಚ್ಚು. ಮೊದಲು ಪಾಲಿಶ್ ಮಾಡದೆ ಕೋಟಿಂಗ್ ಹಾಕಿದರೆ ಗೀರುಗಳನ್ನು ಗಾಜಿನ ಕೆಳಗೆ ಇಟ್ಟು ಕಾಪಾಡಿದಂತಾಗುತ್ತದೆ. ಹುಡುಗ ತಾನೇ ಹೇಳಿದ, “ಕೋಟಿಂಗ್ ಹಾಕ್ಸಿ ಮತ್ತೆ ಒಣಬಟ್ಟೆ ಹಿಡಿದ್ರೆ ಇದೇ ಕತೆ ಸರ್. ನೀವು ತೊಳೆಯೋದು ಕಲ್ತ್ರೆ ಮೇಣನೇ ಸಾಕು.”

ಮೇಣ ಹಚ್ಚುವುದು ಈಗ ನನ್ನ ಕೆಲಸ. ಎರಡು ತಿಂಗಳಿಗೊಮ್ಮೆ. ಡಬ್ಬಿ ತೆಗೆದಾಗ ಮೂಗಿಗೆ ಬರುವ ಪರಿಮಳ ಕಂಪನಿಯವರು ಸೇರಿಸಿದ್ದು, ಆದರೆ ಅದರೊಳಗಿನ ಕಾರ್ನಾಬಾ ಮೇಣ ಬರುವುದು ಬ್ರೆಜಿಲ್ಲಿನ ಈಶಾನ್ಯ ಭಾಗದ ಒಂದು ತಾಳೆಜಾತಿಯ ಮರದಿಂದ. ಬರದ ಸೀಮೆಯಲ್ಲಿ ತನ್ನ ಎಲೆಯ ನೀರು ಆರಿಹೋಗದಂತೆ ಮರ ತಾನೇ ಹಚ್ಚಿಕೊಳ್ಳುವ ಪೊರೆ ಅದು. ಅಲ್ಲಿನ ಜನ ಗರಿಗಳನ್ನು ಕೊಯ್ದು, ಒಣಗಿಸಿ, ಬಡಿದು ಉದುರಿಸಿದ ಪುಡಿ. ಅಲ್ಲಿನ ಮರ ಬಿಸಿಲಿಗೆ ಕಂಡುಕೊಂಡ ಉಪಾಯವನ್ನು ಇಲ್ಲಿ ನನ್ನ ಕಾರಿಗೆ ಬೆರಳಲ್ಲಿ ಹಚ್ಚುವಾಗ ನನಗೆ ಪ್ರತಿಸಲವೂ ಸಂತೋಷವಾಗುತ್ತದೆ.

ತೊಳೆಯುವುದನ್ನು ಮೊದಲಿಂದ ಕಲಿತೆ. ಭಾನುವಾರ ಬೆಳಗ್ಗೆ ಆರಕ್ಕೆ, ಬಿಸಿಲು ಏರುವ ಮೊದಲು. ಬಿಸಿಯಾದ ತಗಡಿನ ಮೇಲೆ ನೀರು ಬೇಗ ಆರಿ ಕಲೆ ಉಳಿಸುತ್ತದೆ, ಅದರಲ್ಲೂ ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಚಕ್ರಗಳನ್ನು ಮೊದಲು ಬೇರೆ ಬ್ರಷ್ಷಿನಿಂದ ಮುಗಿಸಿಬಿಡುತ್ತೇನೆ. ಆಮೇಲೆ ಎರಡು ಬಕೆಟ್ಟು, ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರಿ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಹಚ್ಚಿದ ಮೇಣವೆಲ್ಲ ಹೊರಟುಹೋಗುತ್ತದೆ. ಟಾಪಿನಿಂದ ಶುರುಮಾಡಿ ಕೆಳಕ್ಕೆ, ನೇರ ಗೆರೆಯಲ್ಲಿ. ಒಂದು ಬಾಗಿಲು ಮುಗಿದ ತಕ್ಷಣ ಕೈಗವಸನ್ನು ಬರಿ ನೀರಿನಲ್ಲಿ ಜಾಲಿಸಿ ಮರಳು ಬಿಡಿಸಿ, ಆಮೇಲೆ ಶಾಂಪೂಗೆ ಅದ್ದುವುದು. ಒರೆಸಲು ಮೈಕ್ರೋಫೈಬರ್ ಟವೆಲ್. ನೆಲಕ್ಕೆ ಬಿದ್ದ ಟವೆಲ್ ಮತ್ತೆ ಕಾರಿಗೆ ತಾಗಬಾರದು.

2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ತಾಪತ್ರಯ ಬಂದಾಗ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಆ ಆದೇಶ ನ್ಯಾಯವಾಗಿತ್ತು. ಟ್ಯಾಂಕರಿಗೆ ಜನ ಕಾಯುತ್ತಿರುವಾಗ ಪೈಪು ಹಿಡಿದು ಚಕ್ರ ತೊಳೆಯುವುದು ಸಲ್ಲದು. ಆಗ ಕಲಿತದ್ದು ರಿನ್ಸ್‌ಲೆಸ್ ಎನ್ನುವ ವಿಧಾನ. ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ದ್ರಾವಣ, ಮತ್ತೆ ನೀರು ಹಾಕಿ ತೊಳೆಯಬೇಕಾಗಿಲ್ಲ. ದ್ರಾವಣ ಧೂಳಿನ ಕಣಕ್ಕೆ ಜಾರು ಹತ್ತಿಸುತ್ತದೆ, ಒದ್ದೆ ಬಟ್ಟೆ ಮೆಲ್ಲಗೆ ಎತ್ತಿಕೊಳ್ಳುತ್ತದೆ. ಮಣ್ಣು ರಸ್ತೆಯ ಕೆಸರಿಗೆ ಅದು ಸಾಲದು. ಊರಿಗೆ ಹೋಗಿ ಬಂದಾಗ ಸಂಸ್ಕರಿಸಿದ ನೀರು ಬಳಸುವ ವಾಟರ್ ಸರ್ವಿಸ್ಸಿಗೇ ಹೋಗುತ್ತೇನೆ.

ನಾನು ಮನೆಯ ತೊಳೆತವನ್ನು ಇಷ್ಟು ಮೆಚ್ಚುವುದು ದುಡ್ಡು ಉಳಿಯುತ್ತದೆ ಎಂದಲ್ಲ. ತೊಳೆಯುವಾಗ ಕೈ ಕಾರಿನ ಇಂಚಿಂಚನ್ನೂ ಹಾದುಬರುತ್ತದೆ. ಹಿಂದಿನ ಟೈರಿನಲ್ಲಿ ಮೊಳೆ ಕೂತಿದ್ದು ನನಗೆ ಕಂಡದ್ದು ಹಾಗೆ. ಹೊಂಗೆಮರದ ಕೆಳಗೆ ನಿಲ್ಲಿಸುವುದರಿಂದ ಗಾಜಿನ ಬುಡದ ಕಾಲುವೆಯಲ್ಲಿ ಹೂವು ಎಲೆ ಕೊಳೆತು ನೀರು ಕಟ್ಟಿದ್ದು ಕಂಡದ್ದು ಹಾಗೆ. ಒಂದು ಭಾನುವಾರ ಬಾನೆಟ್ ಎತ್ತಿದಾಗ ಬ್ಯಾಟರಿಯ ಪಕ್ಕ ಚೂರು ಚೂರು ಬಟ್ಟೆ, ಅರ್ಧ ತಿಂದ ಬೆಂಡೆಕಾಯಿ. ಇಲಿ ಸಂಸಾರ ಹೂಡಿತ್ತು. ಒಂದು ವೈರಿನ ಮೇಲ್ಪೊರೆ ಕಡಿದಿತ್ತು, ತಾಮ್ರಕ್ಕೆ ಇನ್ನೂ ಹಲ್ಲು ತಾಗಿರಲಿಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ ರಸ್ತೆಯಲ್ಲಿ ನಿಲ್ಲಬೇಕಾಗುತ್ತಿತ್ತು. ಅಮ್ಮನ ಮಾತಿನಂತೆ ಅಲ್ಲಿ ಹೊಗೆಸೊಪ್ಪಿನ ಕಟ್ಟು ಇಟ್ಟಿದ್ದೇನೆ, ತಿಂಗಳಿಗೊಮ್ಮೆ ಬದಲಿಸುತ್ತೇನೆ. ವರ್ಷಕ್ಕೊಮ್ಮೆ ಅಂಗಡಿಗೆ ಬಿಟ್ಟು ಬರುವವರಿಗೆ ಇದು ಯಾವುದೂ ಕಾಣುವುದಿಲ್ಲ.

ಆಯುಧಪೂಜೆಯ ದಿನ ಮಾತ್ರ ಅಮ್ಮನಿಗೂ ನನಗೂ ಸಣ್ಣ ಚರ್ಚೆಯಾಯಿತು. ಬಾನೆಟ್ಟಿನ ಮೇಲೆ ಅರಿಸಿನ, ಕುಂಕುಮ, ಗಂಧ ಹಚ್ಚಿ ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ತಿಳಿಬಣ್ಣದ ಕಾರುಗಳಲ್ಲಿ ಕಲೆ ಉಳಿಯುತ್ತದೆ, ಕುಂಕುಮದ ಪುಡಿಯನ್ನು ಒಣದಾಗಿ ಉಜ್ಜಿದರೆ ಗೀರೂ ಬೀಳುತ್ತದೆ. ಅಳುಕುತ್ತಲೇ ಹೇಳಿದೆ. ಅಮ್ಮ ಒಂದು ನಿಮಿಷ ಯೋಚಿಸಿ, “ಗಾಜಿಗೆ ಇಟ್ರೆ ದೇವ್ರು ಬೇಡ ಅಂತಾನಾ?” ಎಂದು ಮುಂದಿನ ಗಾಜಿನ ಮೂಲೆಗೆ ಸ್ವಸ್ತಿಕ ಬರೆದರು. ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿ, ಅಪ್ಪನ ಫೋಟೋಕ್ಕೆ ಹಾಕಿದ್ದ ಹಾರದಿಂದ ಒಂದು ಎಸಳು ತಂದು ಸ್ಟೀರಿಂಗಿಗೆ ಸಿಕ್ಕಿಸಿದರು.

ಇಷ್ಟೆಲ್ಲ ಬರೆಯುವಾಗ ನನಗೆ ನೆನಪಾಗುತ್ತಿರುವುದು ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವವರು. ಭಾನುವಾರದ ಎರಡು ಗಂಟೆ, ಎರಡು ಬಕೆಟ್ಟು, ನಿಲ್ಲಲು ಹೊಂಗೆಯ ನೆರಳು ಎಲ್ಲರಿಗೂ ಇರುವುದಿಲ್ಲ. ಅಂಥವರ ಕಾರುಗಳನ್ನು ಇವರು ನೋಡಿಕೊಳ್ಳುತ್ತಾರೆ. ಬೆಳಗಿನ ನಾಲ್ಕೂವರೆಗೆ ಶುರು, ಎಂಟಕ್ಕೆ ಮುಗಿಯಬೇಕು; ಅಷ್ಟರೊಳಗೆ ಇಪ್ಪತ್ತೆರಡು ಕಾರು. ಕಾರಿಗೆ ತಿಂಗಳಿಗೆ ಆರುನೂರು ರೂಪಾಯಿ. ಅಪಾರ್ಟ್‌ಮೆಂಟಿನ ಸಂಘದವರು ಕೊಡುವುದು ಒಂದು ಬಕೆಟ್ ನೀರು. ಬಟ್ಟೆ ಅವರೇ ತರಬೇಕು. ಇಪ್ಪತ್ತನೆಯ ಕಾರಿಗೆ ಬರುವಾಗ ಆ ನೀರು ಹೇಗಿರಬಹುದು, ಯೋಚಿಸಿ. ಮೊದಲ ಹತ್ತೊಂಬತ್ತು ಕಾರುಗಳ ಮರಳು ಅದರಲ್ಲಿದೆ. ಕಾರಿನ ಮೈಮೇಲೆ ಸುಳಿಗೀರು ಬಿದ್ದರೆ ಮಾಲೀಕರು ಇವರನ್ನು ಗದರುತ್ತಾರೆ. ಒಂದು ಬೆಳಗ್ಗೆ ನಾನು ಅವರಿಗೆ ನಾಲ್ಕು ಟವೆಲ್, ಒಂದು ಬಕೆಟ್, ಒಂದು ಬಾಟಲಿ ರಿನ್ಸ್‌ಲೆಸ್ ದ್ರಾವಣ ಕೊಟ್ಟು, ಹುಡುಗ ನನಗೆ ಹೇಳಿದ್ದನ್ನು ಹೇಳಿದೆ. ಕೇಳಿಸಿಕೊಂಡು, “ನಾನೂ ಕಲೀತೀನಿ ಅಣ್ಣಾ, ಯಾರೂ ಹೇಳಿರಲಿಲ್ಲ” ಎಂದರು. ಮುಂದಿನ ವಾರ ಅವರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಪ್ರತಿ ಬಾಗಿಲಿಗೆ ಹೊಸ ಮಡಿಕೆ ತಿರುಗಿಸಿಕೊಳ್ಳುತ್ತಿದ್ದುದನ್ನು ನೋಡಿದೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನಿಮ್ಮ ಕಾರನ್ನೂ ಹೀಗೆ ಯಾರಾದರೂ ನಸುಕಿನಲ್ಲಿ ಎದ್ದು ಒರೆಸುತ್ತಿದ್ದರೆ, ಒಂದು ಕೋರಿಕೆ. ಈ ತಿಂಗಳು ಅವರಿಗೆ ಎರಡು ಒಳ್ಳೆಯ ಟವೆಲ್, ಇನ್ನೊಂದು ಬಕೆಟ್ ಕೊಡಿ. ಸಂಘದವರಿಗೆ ಹೇಳಿ ಐದು ಕಾರಿಗೊಮ್ಮೆ ನೀರು ಬದಲಿಸಿಕೊಳ್ಳಲು ನಲ್ಲಿ ಬಿಡಿಸಿ. ಒಣಧೂಳನ್ನು ಒರೆಸದಿದ್ದರೂ ಪರವಾಗಿಲ್ಲ ಎಂದು ನೀವೇ ಬಾಯಿಬಿಟ್ಟು ಹೇಳಿ.